ಶುಲ್ಕವಿಲ್ಲದ ಶಾಲೆಗೆ ಮನೆಸಾಲದ ಕಂತು

ಅಮೆರಿಕದಲ್ಲಿರುವ ಮಗಳು ಮೊಮ್ಮಗನನ್ನು ಸರ್ಕಾರಿ ಶಾಲೆಗೆ ಸೇರಿಸಿದ್ದಾಳೆಂದು ಗೊತ್ತಾದ ದಿನ ದಾವಣಗೆರೆಯ ನಮ್ಮ ದೊಡ್ಡಮ್ಮ ಫೋನಿನಲ್ಲಿ ಹೆಚ್ಚು ಮಾತನಾಡಲಿಲ್ಲ. ಅಳಿಯನ ಕೆಲಸಕ್ಕೇನಾದರೂ ಸಂಚಕಾರ ಬಂದಿರಬಹುದೇ ಎಂಬ ಅನುಮಾನ ಅವರಿಗೆ. ಎರಡು ದಿನ ತಡೆದು ಮಗಳನ್ನೇ ಕೇಳಿದರು: "ದುಡ್ಡಿಗೆ ಅಡಚಣೆ ಇದ್ದರೆ ಹೇಳಮ್ಮ, ನಾವು ಕಳಿಸುತ್ತೇವೆ. ಮಗುವನ್ನು ಒಳ್ಳೆಯ ಶಾಲೆಗೆ ಹಾಕು." ಆ ಕಡೆಯಿಂದ ನಗು ಕೇಳಿಸಿತು. "ಅಮ್ಮ, ಈ ಸರ್ಕಾರಿ ಶಾಲೆಗೆ ಸೇರಿಸಬೇಕೆಂದೇ ನಾವು ಆರು ಲಕ್ಷ ಡಾಲರಿನ ಮನೆ ಕೊಂಡಿದ್ದು."

ದೊಡ್ಡಮ್ಮನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಮಗುವಿನ ಹೆಸರು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಿಂದ ಕಾನ್ವೆಂಟಿನ ಪುಸ್ತಕಕ್ಕೆ ವರ್ಗವಾಗುತ್ತದೆ. ಅಮೆರಿಕದ ಉಪನಗರಗಳಲ್ಲಿ ಅನುಕೂಲಸ್ಥರು ಹೋಗಿ ಒಂದು ಸರ್ಕಾರಿ ಶಾಲೆಯ ಸುತ್ತ ಮನೆ ಮಾಡುತ್ತಾರೆ. ಅವರು ಬಂದರೆಂದು ಮನೆ ಬೆಲೆ ಏರುತ್ತದೆ, ಬೆಲೆ ಏರಿತೆಂದು ಇನ್ನಷ್ಟು ಅನುಕೂಲಸ್ಥರು ಬರುತ್ತಾರೆ. ಶಾಲೆಯ ಬಾಗಿಲಲ್ಲಿ ಶುಲ್ಕ ಕೇಳುವವರು ಯಾರೂ ಇಲ್ಲ, ಏಕೆಂದರೆ ಅದು ಬ್ಯಾಂಕಿನಲ್ಲಿ ತಿಂಗಳ ಕಂತಾಗಿ ಆಗಲೇ ಸಂದಾಯವಾಗಿರುತ್ತದೆ. ಅಲ್ಲಿನ ಹೈಸ್ಕೂಲುಗಳ ಬಗ್ಗೆ ನಡೆಯುವ ಜಗಳಗಳೆಲ್ಲ, ಹೋಂವರ್ಕು, ಗಣಿತ, ಒತ್ತಡ, ಜನಾಂಗ ಎಂದು ಯಾವ ಹೆಸರಿನಲ್ಲೇ ಬರಲಿ, ಈ ಕಂತಿನ ಬುಡಕ್ಕೇ ಬಂದು ನಿಲ್ಲುತ್ತವೆ ಎಂಬುದು ನನ್ನ ವಾದ.

ಅಲ್ಲಿ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ. ನಮ್ಮ ಪಿಯುಸಿ ಅದರೊಳಗೇ ಅಡಗಿದೆ. ಪಠ್ಯಪುಸ್ತಕ ಶಾಲೆಯದೇ. ದೂರದವರಿಗೆ ಹಳದಿ ಬಸ್ಸು ಮನೆ ಹತ್ತಿರ ಬರುತ್ತದೆ. ಶಾಲೆಯಲ್ಲೇ ನರ್ಸ್ ಇರುತ್ತಾರೆ, ಯಾವ ವಿಷಯ ಆಯ್ದುಕೊಳ್ಳಬೇಕು, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಎಂದು ಹೇಳುವ ಕೌನ್ಸೆಲರ್ ಇರುತ್ತಾರೆ. ಅಂಗವೈಕಲ್ಯವಿರುವ ಮಗುವಿಗೂ ಅದಕ್ಕೆ ತಕ್ಕ ಶಿಕ್ಷಣ ಕೊಡಲೇಬೇಕೆಂದು 1975ರಿಂದ ಕಾನೂನಿದೆ. ವಾದ್ಯವೃಂದ, ನಾಟಕದ ರಂಗಮಂದಿರ, ಫುಟ್‌ಬಾಲ್ ಮೈದಾನ, ರಾತ್ರಿ ಆಟಕ್ಕೆ ದೊಡ್ಡ ದೀಪಗಳು. ಶುಕ್ರವಾರದ ಸಂಜೆ ಆ ದೀಪಗಳ ಕೆಳಗೆ ಊರಿಗೆ ಊರೇ ಸೇರುವುದುಂಟು. ನಮ್ಮ ಕಡೆ ಜಾತ್ರೆ ಮಾಡುವ ಕೆಲಸದ ಒಂದು ಪಾಲನ್ನು ಅಲ್ಲಿ ಹೈಸ್ಕೂಲ್ ಮಾಡುತ್ತದೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ? ಇಲ್ಲಿ 'ಶಾಲಾ ಜಿಲ್ಲೆ' ಎಂಬ ಪದವನ್ನು ಸ್ವಲ್ಪ ಬಿಡಿಸಬೇಕು. ಅದು ನಮ್ಮ ಡಿಡಿಪಿಐ ಕಚೇರಿಯ ಜಿಲ್ಲೆಯಂಥದಲ್ಲ. ಅನೇಕ ಕಡೆ ಅದು ಒಂದು ಊರಿಗೋ ಎರಡು ಊರಿಗೋ ಸೇರಿದ ಸಣ್ಣ ಸಂಸ್ಥೆ. ಅದಕ್ಕೆ ಸ್ಥಳೀಯರು ಮತ ಹಾಕಿ ಆರಿಸಿದ ಮಂಡಳಿ, ಮಂಡಳಿ ನೇಮಿಸಿದ ಸೂಪರಿಂಟೆಂಡೆಂಟ್. ಖರ್ಚಿನ ದೊಡ್ಡ ಪಾಲು ಅಲ್ಲಿನ ಮನೆ, ಅಂಗಡಿ, ಕಚೇರಿಗಳ ಆಸ್ತಿ ತೆರಿಗೆಯಿಂದ. ಕೇಂದ್ರ ಸರ್ಕಾರ ಕೊಡುವುದು ದೇಶದ ಸರಾಸರಿಯಲ್ಲಿ ರೂಪಾಯಿಗೆ ಹತ್ತು ಪೈಸೆಯ ಆಸುಪಾಸು. ಉಳಿದದ್ದನ್ನು ರಾಜ್ಯವೂ ಊರೂ ಹಂಚಿಕೊಳ್ಳುತ್ತವೆ. ಊರು ಸಿರಿವಂತವಾದಷ್ಟೂ ಊರಿನ ಪಾಲು ಹೆಚ್ಚು. ನ್ಯೂಜೆರ್ಸಿ ರಾಜ್ಯದ ವಿಸ್ತೀರ್ಣ ನಮ್ಮ ಉತ್ತರ ಕನ್ನಡ, ಶಿವಮೊಗ್ಗ, ಉಡುಪಿ ಮೂರನ್ನೂ ಕೂಡಿಸಿದಷ್ಟು. ಅಷ್ಟರಲ್ಲೇ ಆರುನೂರರ ಹತ್ತಿರ ಶಾಲಾ ಜಿಲ್ಲೆಗಳಿವೆ. ಆಸ್ತಿ ತೆರಿಗೆಯಲ್ಲಿ ಅಮೆರಿಕಕ್ಕೇ ಮೊದಲ ಸಾಲಿನ ರಾಜ್ಯ ಅದು: ಸರಾಸರಿ ಮನೆಯೊಂದರ ವಾರ್ಷಿಕ ತೆರಿಗೆ ಈಗ 10 ಸಾವಿರ ಡಾಲರ್ ಆಸುಪಾಸು, ಅದರಲ್ಲಿ ಅರ್ಧಕ್ಕೂ ಹೆಚ್ಚು ಸಾಮಾನ್ಯವಾಗಿ ಶಾಲೆಗೇ ಹೋಗುತ್ತದೆ.

ಈ ಆರುನೂರರಲ್ಲಿ ಒಂದರ ಹೆಸರು 2015ರ ಕೊನೆಯಲ್ಲಿ ಅಮೆರಿಕದಾಚೆಗೂ ಕೇಳಿಬಂತು. ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಗ್ಗುಲಲ್ಲಿರುವ ಎರಡು ಊರುಗಳ ಜಂಟಿ ಶಾಲಾ ಜಿಲ್ಲೆ. ಎರಡು ಹೈಸ್ಕೂಲು: 1973ರಲ್ಲಿ ಶುರುವಾದದ್ದು ಸೌತ್, 1997ರಲ್ಲಿ ಶುರುವಾದದ್ದು ನಾರ್ತ್.

ಊರಿನ ಪೂರ್ವಾಶ್ರಮ ಸ್ವಾರಸ್ಯವಾಗಿದೆ. ಪ್ಲೇನ್ಸ್‌ಬರೊದಲ್ಲಿ ವಾಕರ್-ಗಾರ್ಡನ್ ಎಂಬ ದೊಡ್ಡ ಡೇರಿ ಇತ್ತು. 1930ರಲ್ಲಿ ಅಲ್ಲಿ ಹಸುಗಳನ್ನು ಗಾಣದಂತೆ ಸುತ್ತುವ ವೇದಿಕೆಯ ಮೇಲೆ ನಿಲ್ಲಿಸಿ, ಒಂದು ಸುತ್ತು ಮುಗಿಯುವುದರೊಳಗೆ ಐವತ್ತು ಹಸುಗಳ ಹಾಲು ಕರೆಯುವ ಯಂತ್ರವನ್ನು ಹೂಡಿದರು. ಅಮೆರಿಕದ ಹಾಲಿನ ಜಾಹೀರಾತುಗಳಲ್ಲಿ ಮನೆಮಾತಾಗಿದ್ದ ಎಲ್ಸಿ ಎಂಬ ಹಸು 1941ರಲ್ಲಿ ಸತ್ತಾಗ ಮಣ್ಣು ಮಾಡಿದ್ದು ಇಲ್ಲೇ. ಈಗ ಡೇರಿ ಇಲ್ಲ. ಆ ಜಾಗದಲ್ಲಿ ಎದ್ದ ಬಡಾವಣೆಗೆ ಡೇರಿಯ ಹೆಸರಿದೆ, ಬಡಾವಣೆಯ ಬಾಗಿಲಲ್ಲಿ ಹಸುವಿನ ಗೋರಿಕಲ್ಲಿದೆ. ಕಾಡು-ಹೊಲ ತೆರವು ಮಾಡಿ ಕಟ್ಟಿದ ಅಪಾರ್ಟ್‌ಮೆಂಟುಗಳಿಗೆ ಫಾಕ್ಸ್ ರನ್, ಕ್ವೇಲ್ ರಿಜ್, ಫೆಸೆಂಟ್ ಹಾಲೊ, ಡಿಯರ್ ಕ್ರೀಕ್ ಎಂದು ನಾಮಕರಣ. ನರಿ, ಲಾವಕ್ಕಿ, ಕಾಡುಕೋಳಿಯ ಬಳಗ, ಜಿಂಕೆ: ಯಾರನ್ನು ಓಡಿಸಿದರೋ ಅವರ ಹೆಸರನ್ನೇ ಇಡುವುದು ಬೆಂಗಳೂರಿನ ಬಡಾವಣೆಗಳಿಗೆ ಮಾತ್ರ ಮೀಸಲಾದ ಸೌಜನ್ಯವಲ್ಲ ಎಂದಾಯಿತು. ಪಕ್ಕದ ವೆಸ್ಟ್ ವಿಂಡ್ಸರಿನ ಗ್ರೋವರ್ಸ್ ಮಿಲ್‌ಗೆ ಬೇರೊಂದು ಖ್ಯಾತಿ. 1938ರ ಪ್ರಸಿದ್ಧ ರೇಡಿಯೊ ನಾಟಕದಲ್ಲಿ ಮಂಗಳ ಗ್ರಹದವರು ಬಂದಿಳಿದದ್ದು ಅಲ್ಲಿ. ಅಮೆರಿಕದ ವಲಸೆ ಕಾನೂನಿನಲ್ಲಿ ಪರದೇಶದವರನ್ನು ಕರೆಯುವ ಅಧಿಕೃತ ಪದವೂ 'ಏಲಿಯನ್' ಎಂದೇ ಇರುವುದರಿಂದ, ಐವತ್ತು ವರ್ಷದ ನಂತರ ನಿಜವಾಗಿಯೂ ಬಂದಿಳಿದವರು ನಾವೇ ಎಂದು ಅಲ್ಲಿನ ಭಾರತೀಯರು ತಮಾಷೆ ಮಾಡಿಕೊಂಡರೆ ತಪ್ಪೇನಿಲ್ಲ.

ಬಂದವರ ಹಾದಿ ಬಹುಮಟ್ಟಿಗೆ ಒಂದೇ. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ನ್ಯೂಯಾರ್ಕ್. ಅಕ್ಕಪಕ್ಕದಲ್ಲೇ ಔಷಧ ಕಂಪನಿಗಳು, ಸಾಫ್ಟ್‌ವೇರ್ ಕಚೇರಿಗಳು. ಪರಿಣತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ಎಚ್-1ಬಿ ವೀಸಾದಲ್ಲಿ ಬಂದವರು ಮೊದಲು ಪ್ಲೇನ್ಸ್‌ಬರೊದ ಎರಡು ಕೋಣೆಯ ಬಾಡಿಗೆ ಮನೆ ಹಿಡಿಯುತ್ತಾರೆ. ಮಗು ಶಾಲೆಗೆ ಸೇರಿದ ಮೇಲೆ, ಗೋಡೆಗೆ ಗೋಡೆ ಅಂಟಿದ ಸಾಲುಮನೆ. ಕಾಯಂ ವಾಸದ ಗ್ರೀನ್ ಕಾರ್ಡಿನ ಕನಸು ಸ್ವಲ್ಪ ಗಟ್ಟಿಯಾದ ಮೇಲೆ, ಅಂಗಳವಿರುವ ಒಂಟಿಮನೆ. ಮೂರೂ ಹಂತದಲ್ಲಿ ಬದಲಾಗದೆ ಉಳಿಯುವುದು ಶಾಲಾ ಜಿಲ್ಲೆಯ ಗೆರೆ ಒಂದೇ. ಹೀಗೆ 2007ರಲ್ಲಿ ಶೇ 44ರಷ್ಟಿದ್ದ ಏಷ್ಯಾ ಮೂಲದ ವಿದ್ಯಾರ್ಥಿಗಳು 2015ರ ಹೊತ್ತಿಗೆ ಶೇ 65ರಷ್ಟಾದರು. ಚೀನೀಯರು, ಭಾರತೀಯರು, ಕೊರಿಯನ್ನರು. ಭಾರತೀಯರಲ್ಲಿ ತೆಲುಗರು, ತಮಿಳರು, ಗುಜರಾತಿಗಳ ಜೊತೆ ಕನ್ನಡಿಗರೂ ಇದ್ದಾರೆ. ನ್ಯೂಜೆರ್ಸಿಯ 'ಬೃಂದಾವನ' ಕನ್ನಡ ಕೂಟದ ಯುಗಾದಿಗೆ ಹೋದರೆ ಹೋಳಿಗೆ ಬಡಿಸುವ ಸಾಲಿನಲ್ಲೇ ಯಾವ ಊರಿನ ಹೈಸ್ಕೂಲು ಹೇಗಿದೆ ಎಂಬ ಮಾಹಿತಿ ಸಿಗುತ್ತದೆ. ಮನೆ ಮಾರುವ ಜಾಲತಾಣಗಳಲ್ಲಿ ಪ್ರತಿ ಮನೆಯ ಚಿತ್ರದ ಕೆಳಗೆ ಅದರ ಶಾಲೆಗಳಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕೊಟ್ಟಿರುತ್ತಾರೆ. ಪೂರ್ವಕ್ಕೆ ಬಾಗಿಲಿದೆಯೇ ಎಂಬುದನ್ನು ನಮ್ಮವರು ಎರಡನೆಯದಾಗಿ ನೋಡುತ್ತಾರೆ.

ಮಗುವನ್ನು ಸೇರಿಸಲು ಹೋದ ದಿನದ ಕಡತವನ್ನು ದೊಡ್ಡಮ್ಮನ ಆ ಮಗಳು, ನನ್ನ ತಂಗಿ, ಇನ್ನೂ ಇಟ್ಟುಕೊಂಡಿದ್ದಾಳೆ. ಅವಳಿರುವುದು ಅದೇ ರಾಜ್ಯದ ಬೇರೊಂದು ಉಪನಗರದಲ್ಲಿ. ಪ್ಲಾಸ್ಟಿಕ್ ಹಾಳೆಗಳೊಳಗೆ ಒಂದೊಂದಾಗಿ: ಮನೆಯ ನೋಂದಣಿ ಪತ್ರ, ಆಸ್ತಿ ತೆರಿಗೆ ಬಿಲ್ಲು, ವಿದ್ಯುತ್ ಬಿಲ್ಲು, ಚಾಲನಾ ಪರವಾನಗಿ, ಮಗುವಿನ ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ. ವಿದ್ಯುತ್ ಬಿಲ್ಲಿನಲ್ಲಿ ಗಂಡನ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಅವಳು ಇನ್ನೊಮ್ಮೆ ಹೋಗಬೇಕಾಯಿತು. ವೀಸಾ ಯಾವುದು ಎಂದು ಯಾರೂ ಕೇಳಲಿಲ್ಲ. ಕಾಗದಪತ್ರವಿಲ್ಲದೆ ದೇಶದೊಳಗಿರುವವರ ಮಕ್ಕಳನ್ನೂ ಶಾಲೆ ನಿರಾಕರಿಸುವಂತಿಲ್ಲ ಎಂದು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ದೇಶದವರು ಎಂಬುದು ಬೇಡ, ಯಾವ ಬೀದಿಯವರು ಎಂಬುದು ಬೇಕು!

ಬೀದಿಯ ವಿಷಯದಲ್ಲಿ ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಓಹಾಯೊ ರಾಜ್ಯದ ಕೆಲಿ ವಿಲಿಯಮ್ಸ್-ಬೋಲಾರ್ ಸಾಕ್ಷಿ. ಆಕೆ ಕಪ್ಪು ಜನಾಂಗದ ತಾಯಿ. ಆಕ್ರಾನ್ ನಗರದಲ್ಲಿ ವಾಸ. ಪಕ್ಕದ ಉಪನಗರದಲ್ಲಿದ್ದ ತನ್ನ ತಂದೆಯ ವಿಳಾಸ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಿದರು. ಶಾಲಾ ಜಿಲ್ಲೆ ಪತ್ತೆದಾರರನ್ನು ಹಿಂದೆ ಬಿಟ್ಟಿತು, ಸುಮಾರು 30 ಸಾವಿರ ಡಾಲರ್ ಶುಲ್ಕ ಬಾಕಿ ಎಂದಿತು. 2011ರಲ್ಲಿ ಆಕೆ ಒಂಬತ್ತು ದಿನ ಜೈಲಿನಲ್ಲಿ ಕಳೆದರು. ಆಮೇಲೆ ರಾಜ್ಯಪಾಲರು ಅಪರಾಧದ ತೀವ್ರತೆಯನ್ನು ಇಳಿಸಿದರು. ಅಜ್ಜನ ಮನೆಯಿಂದ ಶಾಲೆಗೆ ಹೋಗುವುದು ನಮ್ಮಲ್ಲಿ ಬಾಲ್ಯದ ನೆನಪು. ಅಲ್ಲಿ ಅದು ಕಳ್ಳತನ, ಏಕೆಂದರೆ ಶಾಲೆಯ ಸೀಟು ಆ ಬೀದಿಯ ತೆರಿಗೆದಾರರ ಸ್ವತ್ತು ಎಂಬ ಭಾವನೆ ಕಾನೂನಿನಲ್ಲೂ ಮನಸ್ಸಿನಲ್ಲೂ ಬೇರೂರಿದೆ.

ಈ ಹಿನ್ನೆಲೆಯಲ್ಲಿ 2015ರ ಪ್ರಕರಣವನ್ನು ಓದಬೇಕು. ಆ ವರ್ಷದ ಶರತ್ಕಾಲದಲ್ಲಿ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊದ ಸೂಪರಿಂಟೆಂಡೆಂಟ್ ಡೇವಿಡ್ ಆಡರ್‌ಹೋಲ್ಡ್ ಪೋಷಕರಿಗೆ ಹದಿನಾರು ಪುಟಗಳ ಪತ್ರ ಬರೆದರು. ಅದರ ಸಾರ ಇಷ್ಟು: ಹಿಂದಿನ ಒಂದೇ ಶೈಕ್ಷಣಿಕ ವರ್ಷದಲ್ಲಿ ಮಾಧ್ಯಮಿಕ ಮತ್ತು ಹೈಸ್ಕೂಲಿನ 120 ಮಕ್ಕಳನ್ನು ಮಾನಸಿಕ ಆರೋಗ್ಯ ತಪಾಸಣೆಗೆ ಕಳಿಸಬೇಕಾಯಿತು, 40 ಮಕ್ಕಳು ಆಸ್ಪತ್ರೆ ಸೇರಿದರು. ಇಡೀ ಜಿಲ್ಲೆಯ ವಿದ್ಯಾರ್ಥಿಗಳ ಸಂಖ್ಯೆ 9,700. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಹೈಸ್ಕೂಲುಗಳಲ್ಲಿ ಸಾಲಾಗಿ ನಡೆದ ಆತ್ಮಹತ್ಯೆಗಳು ಆಗ ಎಲ್ಲರ ಕಣ್ಣ ಮುಂದಿದ್ದವು. ಅಲ್ಲಿಯವರೆಗೆ ಹೋಗುವ ಮೊದಲೇ ತಡೆಯೋಣ ಎಂಬುದು ಆಡರ್‌ಹೋಲ್ಡರ ಧ್ವನಿ. ಹೈಸ್ಕೂಲಿನಲ್ಲಿ ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆಗಳನ್ನು ಕೈಬಿಟ್ಟರು. ಕೆಲವು ರಾತ್ರಿಗಳನ್ನು ಹೋಂವರ್ಕಿಲ್ಲದ ರಾತ್ರಿಗಳೆಂದು ಸಾರಿದರು. ನಾಲ್ಕು, ಐದನೆಯ ತರಗತಿಯಲ್ಲೇ ಶುರುವಾಗುತ್ತಿದ್ದ ಮುಂದುವರಿದ ಗಣಿತದ ವಿಭಾಗವನ್ನು ತೆಗೆದು ಮೇಲಿನ ತರಗತಿಗೆ ಸರಿಸಲು ಹೊರಟರು. ಆ ವಿಭಾಗದಲ್ಲಿದ್ದ ಮಕ್ಕಳಲ್ಲಿ ಶೇ 90ರಷ್ಟು ಏಷ್ಯಾ ಮೂಲದವರು. ಸಂಗೀತದಲ್ಲಿ ಮೊದಲೇ ಪಳಗಿದವರಿಗೆ ಮಾತ್ರ ಅವಕಾಶ ಎಂಬಂತಾಗಿದ್ದನ್ನು ಬಿಡಿಸಲು, ಪಿಟೀಲು ಕೀರಲಿಡುವ ಮಗುವಿಗೂ ವಾದ್ಯ ಕಲಿಯುವ ಹಕ್ಕಿದೆ ಎಂದು ಹೇಳಿ, ಅದಕ್ಕೆ 'ಕೀರಲು ಹಕ್ಕು' ಎಂಬರ್ಥದ ಹೆಸರನ್ನೇ ಕೊಟ್ಟರು.

ಸಭೆಗಳಲ್ಲಿ ಊರು ಎರಡಾಯಿತು. ಒಂದು ಕಡೆ ಹೆಚ್ಚಾಗಿ ಬಿಳಿಯ ಪೋಷಕರು: ಮಕ್ಕಳಿಗೆ ಬಾಲ್ಯ ಬೇಕು, ಈ ಓಟ ನಿಲ್ಲಲಿ. ಇನ್ನೊಂದು ಕಡೆ ಹೆಚ್ಚಾಗಿ ಏಷ್ಯಾ ಮೂಲದ ಪೋಷಕರು: ಶಾಲೆಯ ಮಟ್ಟ ಇಳಿಸುತ್ತಿದ್ದೀರಿ, ನಮ್ಮ ಮಕ್ಕಳು ಕಷ್ಟಪಟ್ಟು ಗಳಿಸಿದ್ದನ್ನು ತಪ್ಪೆಂಬಂತೆ ಬಿಂಬಿಸುತ್ತಿದ್ದೀರಿ. ಬಹಳಷ್ಟು ಪತ್ರಿಕೆಗಳು ಇದನ್ನು ಎರಡು ಸಂಸ್ಕೃತಿಗಳ ಘರ್ಷಣೆ ಎಂದು ಬರೆದು ಮುಗಿಸಿದವು. ಹಠಮಾರಿ ಏಷ್ಯಾದ ತಾಯಿ, ನಿರಾಳ ಅಮೆರಿಕನ್ ತಂದೆ. ಚಿತ್ರ ಸುಲಭವಾಗಿ ಸಿಗುತ್ತದೆ, ಅದಕ್ಕೇ ನನಗೆ ಅದರ ಮೇಲೆ ಗುಮಾನಿ. ವಿರುದ್ಧ ದಿಕ್ಕಿನಲ್ಲಿ ಮಾತನಾಡಿದವರು ಎರಡೂ ಗುಂಪಿನಲ್ಲಿದ್ದರು. ಸುಧಾರಣೆ ಬೇಕು ಎಂದ ಭಾರತೀಯ, ಚೀನೀ ಪೋಷಕರೂ ಇದ್ದರು.

ಸಂಸ್ಕೃತಿಯ ಬದಲು ಖಾತೆಪುಸ್ತಕ ತೆರೆದು ನೋಡೋಣ. ಇಪ್ಪತ್ತು ವರ್ಷ ಹಿಂದೆ ಬಂದ ಕುಟುಂಬ ಕಡಿಮೆ ಬೆಲೆಗೆ ಮನೆ ಕೊಂಡಿದೆ. ಅವರಿಗೆ ಪೌರತ್ವವಿದೆ, ಅಜ್ಜ-ಅಜ್ಜಿ ಹತ್ತಿರದ ಊರಿನಲ್ಲಿದ್ದಾರೆ, ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪರಿಚಯವಿದೆ. ಮಗ ಸಾಧಾರಣ ಕಾಲೇಜಿಗೆ ಹೋದರೂ ನೆಲೆ ತಪ್ಪುವುದಿಲ್ಲ. ನಿನ್ನೆ ಬಂದ ಕುಟುಂಬ ಶಾಲೆಯ ಹೆಸರಿನಿಂದಲೇ ಉಬ್ಬಿದ ಬೆಲೆಯನ್ನು ತೆತ್ತಿದೆ. ಕೆಲಸ ಹೋದರೆ ಅರವತ್ತು ದಿನದಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಪರಿಚಯ-ಶಿಫಾರಸು ಎಂಬುದಿಲ್ಲ, ಅಂಕಪಟ್ಟಿಯೊಂದೇ ಬಂಡವಾಳ. ಅಂಥವರ ಮುಂದೆ 'ಸ್ವಲ್ಪ ನಿಧಾನಿಸಿ' ಎಂದರೆ, ಬೆಲೆ ಪೂರ್ತಿ ವಸೂಲು ಮಾಡಿದ ಮೇಲೆ ಸರಕನ್ನು ಅರ್ಧ ಕಟ್ಟಿಕೊಟ್ಟಂತೆ ಕೇಳಿಸುತ್ತದೆ. ನಿರಾಳತೆಯೂ ಒಂದು ಆಸ್ತಿ. ಮೊದಲು ಬಂದವರಿಗೆ ಅದು ಅಗ್ಗಕ್ಕೆ ಸಿಕ್ಕಿತ್ತು.

ಹಾಗೆಂದು ನಮ್ಮವರನ್ನು ಪೂರ್ತಿ ಒಪ್ಪಲು ನನ್ನಿಂದಾಗದು. ನಲವತ್ತು ಮಕ್ಕಳು ಆಸ್ಪತ್ರೆ ಸೇರಿದ್ದನ್ನು ಕೇಳಿಯೂ ಗಣಿತ ವಿಭಾಗದ ಬಗ್ಗೆ ಮೊದಲು ಕೈಯೆತ್ತುವುದಕ್ಕೆ ಒಂದು ಬಗೆಯ ಕಿವುಡು ಬೇಕು. ಆ ಕಿವುಡಿನ ಪರಿಚಯ ನಮಗಿದೆ. ಪಿಯು ಕಾಲೇಜಿನ ಹಾಸ್ಟೆಲುಗಳಲ್ಲಿ, ನೀಟ್ ತರಬೇತಿಯ ಕೋಣೆಗಳಲ್ಲಿ ಅದನ್ನು ಕಂಡಿದ್ದೇವೆ. ಅದನ್ನೇ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಿ ಅಲ್ಲಿ ಬಿಚ್ಚಿದವರಿದ್ದಾರೆ. ಶಾಲೆ ಬಿಟ್ಟ ಮೇಲೆ ಕುಮಾನ್ ಟ್ಯೂಷನ್, ಅದಾದ ಮೇಲೆ ಒಲಿಂಪಿಯಾಡ್ ಗಣಿತ, ಶನಿವಾರ ಭರತನಾಟ್ಯ, ಭಾನುವಾರ ಬೆಳಿಗ್ಗೆ ಕನ್ನಡ ಶಾಲೆ. ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಲ್ಲಿ ಐದಕ್ಕೆ ಐದು ಬರಬೇಕು. ವಿಚಿತ್ರವೆಂದರೆ, ಒಂದೇ ಶಾಲೆಯಲ್ಲಿ ಇಂಥ ಮಕ್ಕಳು ಗುಂಪುಗೂಡಿದಷ್ಟೂ ಒಬ್ಬೊಬ್ಬರ ಮೌಲ್ಯ ಕಡಿಮೆಯಾಗುತ್ತದೆ. ಹಾರ್ವರ್ಡ್ ಆಗಲಿ ಪ್ರಿನ್ಸ್‌ಟನ್ ಆಗಲಿ ಒಂದೇ ಹೈಸ್ಕೂಲಿನಿಂದ ನೂರು ಮಂದಿಯನ್ನು ತೆಗೆದುಕೊಳ್ಳುವುದಿಲ್ಲ. ಯಾವ ಶಾಲೆಗೆ ಸೇರಿಸಲು ಬೆವರು ಸುರಿಸಿ ಮನೆ ಕೊಂಡರೋ ಅದೇ ಶಾಲೆ ಮಗುವಿಗೆ ಅತ್ಯಂತ ಕಠಿಣ ಪ್ರತಿಸ್ಪರ್ಧಿಗಳನ್ನು ಪಕ್ಕದ ಬೆಂಚಿನಲ್ಲೇ ಕೂರಿಸಿ ಕೊಡುತ್ತದೆ. ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದು ಹಾರ್ವರ್ಡ್ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಅನೇಕ ಏಷ್ಯಾ ಮೂಲದ ಪೋಷಕರು ಹಿಗ್ಗಿದರು. ಈ ಬೆಂಚಿನ ಗಣಿತವನ್ನು ಆ ತೀರ್ಪು ಬದಲಿಸಲಿಲ್ಲ.

ಈ ಜಗಳದಲ್ಲಿ ಇನ್ನೊಂದು ಅಂಶ ಯಾರ ಬಾಯಿಗೂ ಹೆಚ್ಚು ಬರಲಿಲ್ಲ. ಶಾಲಾ ಮಂಡಳಿಗೆ ಮತ ಹಾಕುವವರು ಪೌರರು ಮಾತ್ರ. ಎಚ್-1ಬಿ ತಂದೆ ಹದಿನೈದು ವರ್ಷ ತೆರಿಗೆ ಕಟ್ಟಿದರೂ, ಮಗಳು ಶಾಲೆಯ ವಾದ್ಯವೃಂದದ ಮುಂದಾಳಾದರೂ, ಮಂಡಳಿಯ ಸಭೆಯಲ್ಲಿ ಅವರಿಗೆ ಮೈಕಿನ ಮುಂದೆ ಕೆಲವು ನಿಮಿಷ ಸಿಗುತ್ತದೆಯೇ ಹೊರತು ಮತಪತ್ರವಿಲ್ಲ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ವರ್ಷಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರತಿ ದಶಕಗಳಷ್ಟು ಉದ್ದ. ಮೂರು ವರ್ಷದ ಕೂಸಾಗಿ ಬಂದ ಹುಡುಗಿ ಅದೇ ಊರಿನ ಅಂಗನವಾಡಿಯಂಥ ತರಗತಿಯಿಂದ ಹೈಸ್ಕೂಲ್ ಮುಗಿಸುವವರೆಗೂ ಓದಿದ ಮೇಲೆ, ಇಪ್ಪತ್ತೊಂದು ತುಂಬಿದ ದಿನ ತಾಯಿತಂದೆಯ ವೀಸಾದಿಂದ ಹೊರಬೀಳುತ್ತಾಳೆ. ವಿದೇಶಿ ವಿದ್ಯಾರ್ಥಿಯೆಂದು ಹೊಸ ವೀಸಾ ಪಡೆಯಬೇಕು, ಇಲ್ಲವೇ ತನಗೆ ಅಷ್ಟಾಗಿ ಗೊತ್ತಿರದ ಬೆಂಗಳೂರಿಗೆ ಮರಳಬೇಕು. ಇಂಥ ಮಕ್ಕಳು ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚಿದ್ದಾರೆಂದು ಅಂದಾಜು. ಶಾಲೆ ಅವಳನ್ನು ತನ್ನವಳೆಂದು ಹೇಳುತ್ತದೆ, ದೇಶ ಹೇಳುವುದಿಲ್ಲ. ಅವಳ ಒತ್ತಡವನ್ನು ಅಳೆಯಲು ಹೋಂವರ್ಕಿಲ್ಲದ ರಾತ್ರಿ ಸಾಕಾಗುವುದಿಲ್ಲ.

ಇನ್ನು ಗೆರೆಯ ಹೊರಗಿರುವವರ ವಿಷಯ. ಇಲ್ಲಿ ಹಳಬರು, ಹೊಸಬರು, ಬಿಳಿಯರು, ಕಂದುಬಣ್ಣದವರು ಎಲ್ಲರೂ ಒಂದಾಗುತ್ತಾರೆ. ವೆಸ್ಟ್ ವಿಂಡ್ಸರಿನಲ್ಲಿ ಅಮೆರಿಕನ್ ಸೈನಾಮಿಡ್ ಎಂಬ ಕಂಪನಿಯ ಕೃಷಿ ಸಂಶೋಧನೆಯ ಜಾಗವಿತ್ತು. ಆರುನೂರೈವತ್ತು ಎಕರೆ ದಾಟಿದ ಜಮೀನು. ಅದನ್ನು ಹೊಂದಿದ್ದ ಹೊವಾರ್ಡ್ ಹ್ಯೂಸ್ ಕಂಪನಿ ಅಲ್ಲಿ ಸುಮಾರು ಎರಡು ಸಾವಿರ ಮನೆ, ಅಂಗಡಿ, ಕಚೇರಿಗಳ ಹೊಸ ಊರನ್ನೇ ಕಟ್ಟುತ್ತೇನೆ ಎಂದಿತು. ಊರವರು ಬಿಡಲಿಲ್ಲ. ಮನೆ ಬಂದರೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದರೆ ಶಾಲೆ ತುಂಬುತ್ತದೆ, ಹೊಸ ಕಟ್ಟಡಕ್ಕೆ ತೆರಿಗೆ ಏರುತ್ತದೆ. ಯೋಜನೆ ಬಿದ್ದುಹೋಯಿತು, ಜಮೀನು ಕೈ ಬದಲಾಯಿತು. 2022ರಲ್ಲಿ ಅದೇ ಜಾಗದಲ್ಲಿ ಒಟ್ಟು 55 ಲಕ್ಷ ಚದರ ಅಡಿಯ ಗೋದಾಮುಗಳಿಗೆ ಅನುಮತಿ ಸಿಕ್ಕಿತು. ಆಗ ಜನ ಲಾರಿಗಳ ಸದ್ದು, ಹೊಗೆ ಎಂದು ಮತ್ತೆ ಬೀದಿಗಿಳಿದರು. ಗೋದಾಮು ತೆರಿಗೆ ಕಟ್ಟುತ್ತದೆ, ಒಂದೂ ಮಗುವನ್ನು ಶಾಲೆಗೆ ಕಳಿಸುವುದಿಲ್ಲ. ಈ ತರ್ಕದ ಇನ್ನೊಂದು ಮುಖ ನ್ಯೂಜೆರ್ಸಿಯ ಉದ್ದಕ್ಕೂ ಕಾಣುವ, ಐವತ್ತೈದು ದಾಟಿದವರಿಗೆ ಮಾತ್ರ ಎಂಬ ಬಡಾವಣೆಗಳು. ವಯಸ್ಸಾದವರ ಮೇಲೆ ಊರಿಗೆ ದಿಢೀರ್ ಪ್ರೀತಿ ಉಕ್ಕಿತೆಂದು ಭಾವಿಸಬೇಕಾಗಿಲ್ಲ. ಒಳ್ಳೆಯ ಶಾಲೆಗೆ ಹೆಸರಾದ ಊರು ಮಕ್ಕಳಿಗೆ ಹೆದರುವುದಕ್ಕಿಂತ ದೊಡ್ಡ ವಿಪರ್ಯಾಸ ಈ ವ್ಯವಸ್ಥೆಯಲ್ಲಿ ನನಗೆ ಬೇರೆ ಕಂಡಿಲ್ಲ.

ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ನ್ಯೂಯಾರ್ಕಿಗೆ ಬೆನ್ನು ಹಾಕಿ ರೈಲು ಹತ್ತಿದರೆ ಹ್ಯಾಮಿಲ್ಟನ್ ಆದ ಮೇಲೆ ಟ್ರೆಂಟನ್. ರಾಜ್ಯದ ರಾಜಧಾನಿ. ವೆಸ್ಟ್ ವಿಂಡ್ಸರ್ ಇರುವ ಮರ್ಸರ್ ಕೌಂಟಿಯಲ್ಲೇ ಅದೂ ಇದೆ. ಅಲ್ಲಿನ ಶಾಲೆಯ ಮಕ್ಕಳಲ್ಲಿ ಬಹುಪಾಲು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮತ್ತು ಕಪ್ಪು ಜನಾಂಗದವರು, ಬಡವರು. ದುಡ್ಡು ಸುರಿದರೆ ಸರಿಹೋಗುತ್ತದೆ ಎನ್ನುವವರು ಟ್ರೆಂಟನ್ನನ್ನು ನೋಡಬೇಕು. 1985ರಿಂದ ಶುರುವಾದ ಅಬಟ್ ಪ್ರಕರಣದ ತೀರ್ಪುಗಳ ಮೂಲಕ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಬಡ ನಗರಗಳ ಶಾಲೆಗಳಿಗೆ ಸಿರಿವಂತ ಉಪನಗರಗಳಷ್ಟೇ ಹಣ ಸಿಗಬೇಕೆಂದು ರಾಜ್ಯದ ಕೈ ಹಿಡಿದು ಕೊಡಿಸಿತು. ಅಂಥ 31 ಜಿಲ್ಲೆಗಳಲ್ಲಿ ಟ್ರೆಂಟನ್ ಒಂದು. 2019ರಲ್ಲಿ ಅಲ್ಲಿ ಹೊಚ್ಚಹೊಸ ಹೈಸ್ಕೂಲ್ ಕಟ್ಟಡ ತೆರೆಯಿತು. ಇತರ ರಾಜ್ಯಗಳಿಗೆ ಹೋಲಿಸಿದರೆ ಇದು ಸಣ್ಣ ಸಾಧನೆಯಲ್ಲ: ಶಾಲೆಗಳ ಹಣದಲ್ಲಿ ಸಮಾನತೆ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ ದೇಶದ ಸುಪ್ರೀಂ ಕೋರ್ಟ್ ಟೆಕ್ಸಾಸಿನ ಪ್ರಕರಣದಲ್ಲಿ ಕೈ ತೊಳೆದುಕೊಂಡಿತ್ತು. ಆದರೆ ಹಣ ಗೆರೆ ದಾಟಿತೇ ಹೊರತು ಮಕ್ಕಳು ದಾಟಲಿಲ್ಲ. ಬಡ ಮಕ್ಕಳೆಲ್ಲ ಒಂದು ಕಡೆ, ಸಿರಿವಂತರ ಮಕ್ಕಳೆಲ್ಲ ಇನ್ನೊಂದು ಕಡೆ ಇರುವವರೆಗೆ ಹೊಸ ಕಟ್ಟಡ ಮಾಡುವ ಕೆಲಸಕ್ಕೆ ಮಿತಿಯಿದೆ. ಆ ಗೆರೆಗಳಿಗೆ ಕಾವಲು ಸಿಕ್ಕಿದ್ದು 1974ರಲ್ಲಿ. ಡೆಟ್ರಾಯಿಟ್ ನಗರದ ಮಕ್ಕಳನ್ನೂ ಸುತ್ತಲ ಉಪನಗರಗಳ ಮಕ್ಕಳನ್ನೂ ಬೆರೆಸುವ ಯೋಜನೆಯನ್ನು ದೇಶದ ಸುಪ್ರೀಂ ಕೋರ್ಟ್ ಐದು-ನಾಲ್ಕು ಮತಗಳಿಂದ ತಳ್ಳಿಹಾಕಿತು. ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಸಲ್ಲದು ಎಂಬ 1954ರ ಮಹಾತೀರ್ಪು ಉಪನಗರದ ಗಡಿಕಲ್ಲಿನ ಹತ್ತಿರ ಬಂದು ನಿಂತುಬಿಟ್ಟಿತು.

ಗೆರೆ ಅಲುಗಿಸುವ ಪ್ರಯತ್ನ ಈಗ ನ್ಯೂಜೆರ್ಸಿಯಲ್ಲಿ ಎರಡು ಕಡೆಯಿಂದ ನಡೆದಿದೆ. ಒಂದು ಮನೆಯ ಕಡೆಯಿಂದ. ಮೌಂಟ್ ಲಾರೆಲ್ ಎಂಬ ಊರಿನಲ್ಲಿ ತಲೆಮಾರುಗಳಿಂದ ಇದ್ದ ಎಥೆಲ್ ಲಾರೆನ್ಸ್ ಎಂಬ ಕಪ್ಪು ಮಹಿಳೆ, ತನ್ನಂಥವರಿಗೆ ಎಟುಕುವ ಮನೆ ಕಟ್ಟಲು ಊರು ಬಿಡುತ್ತಿಲ್ಲ ಎಂದು ಹೂಡಿದ ಮೊಕದ್ದಮೆಯಲ್ಲಿ, ಪ್ರತಿ ಊರೂ ತನ್ನ ಪಾಲಿನ ಕೈಗೆಟುಕುವ ಮನೆಗಳಿಗೆ ಜಾಗ ಮಾಡಿಕೊಡಲೇಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಅದನ್ನು ಜಾರಿಗೆ ತರುವ ಹಗ್ಗಜಗ್ಗಾಟಕ್ಕೆ ಅರ್ಧ ಶತಮಾನವಾಯಿತು. 2024ರಲ್ಲಿ ಹೊಸ ಕಾನೂನು ಬಂತು, ಮುಂದಿನ ಹತ್ತು ವರ್ಷಕ್ಕೆ ಊರೂರಿಗೂ ಲೆಕ್ಕ ಕೊಟ್ಟಿತು. ಹಲವು ಊರುಗಳು ಕೋರ್ಟಿಗೆ ಹೋದವು. ಅಲ್ಲಿನ ಸಭೆಗಳಲ್ಲಿ ಮೊದಲು ಕೇಳುವ ಪ್ರಶ್ನೆ ಶಾಲೆಯದೇ: ಈ ಮನೆಗಳಿಂದ ಎಷ್ಟು ಮಕ್ಕಳು?

ಇನ್ನೊಂದು ಪ್ರಯತ್ನ ನೇರವಾಗಿ ಶಾಲೆಯ ಕಡೆಯಿಂದ. ವಾಸವಿರುವ ಊರಿನಲ್ಲೇ ಓದಬೇಕೆಂಬ ರಾಜ್ಯದ ನಿಯಮವೇ ಪ್ರತ್ಯೇಕತೆಗೆ ಕಾರಣ ಎಂದು ಲ್ಯಾಟಿನೊ ಆಕ್ಷನ್ ನೆಟ್‌ವರ್ಕ್ ಎಂಬ ಸಂಘಟನೆ ಮತ್ತಿತರರು 2018ರ ಮೇ 17ರಂದು ಮೊಕದ್ದಮೆ ಹೂಡಿದರು. 1954ರ ತೀರ್ಪು ಬಂದದ್ದೂ ಮೇ 17ರಂದೇ. 2023ರ ಅಕ್ಟೋಬರಿನಲ್ಲಿ ನ್ಯಾಯಾಧೀಶರು ಎರಡೂ ಕಡೆಗೆ ಅರ್ಧರ್ಧ ಕೊಟ್ಟರು: ಅನೇಕ ಜಿಲ್ಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಇರುವುದು ನಿಜ, ಇಡೀ ರಾಜ್ಯದ ವ್ಯವಸ್ಥೆಯೇ ಹಾಗಿದೆ ಎಂಬುದು ಸಾಬೀತಾಗಿಲ್ಲ. ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾರ್ವರ್ಡ್ ತೀರ್ಪಿಗೆ ಸಿಕ್ಕ ಸಂಭ್ರಮದ ನೂರರಲ್ಲಿ ಒಂದು ಪಾಲು ಚರ್ಚೆಯೂ ಇದಕ್ಕೆ ಸಿಕ್ಕಿದ್ದನ್ನು ನಾನು ಕಾಣೆ. ಅವರ ಮನೆಬೆಲೆಯನ್ನು ಮುಟ್ಟುವ ಶಕ್ತಿ ಇರುವ ಮೊಕದ್ದಮೆ ಇದೇ.

ಹೊರಗಿನ ಗಾಳಿಯೂ ಬದಲಾಗುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವೆಂದು ಟ್ರಂಪ್ ಘೋಷಿಸಿದರು. ಫಾಕ್ಸ್ ರನ್, ಡಿಯರ್ ಕ್ರೀಕ್‌ಗಳಂಥ ಮೊದಲ ಮೆಟ್ಟಿಲಿಗೆ ಬರುವವರೇ ಕಡಿಮೆಯಾದರೆ ಮೇಲಿನ ಮೆಟ್ಟಿಲುಗಳ ಬೆಲೆಗೂ ಅದು ತಾಗದೆ ಇರದು. ಶಾಲೆಗಳು ತುಂಬುವ ಭಯದಲ್ಲಿ ಮನೆ ಬೇಡವೆಂದ ಊರುಗಳು, ಶಾಲೆಗಳು ಖಾಲಿಯಾಗುವ ಭಯವನ್ನೂ ನೋಡಬೇಕಾದೀತು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ, ಆ್ಯಪಲ್ ಕಂಪನಿಯ ಅಂಗಳದಲ್ಲೇ, ಅದು ಆಗಿಹೋಗಿದೆ. ಮನೆ ಬೆಲೆ ಯುವ ದಂಪತಿಗಳ ಕೈಗೆ ಎಟುಕದಷ್ಟು ಏರಿ, ಮಕ್ಕಳ ಸಂಖ್ಯೆ ಕುಸಿದು, 2022ರಲ್ಲಿ ಪ್ರಾಥಮಿಕ ಶಾಲೆಗಳಿಗೇ ಬೀಗ ಬಿತ್ತು. ಶಾಲೆಯ ಹೆಸರಿನಿಂದ ಏರಿದ ಬೆಲೆ ಶಾಲೆಯನ್ನೇ ನುಂಗಿತು.

ನನ್ನ ತಂಗಿಯ ಮಗ ಕಳೆದ ಜೂನ್‌ನಲ್ಲಿ ಹೈಸ್ಕೂಲ್ ಮುಗಿಸಿದ. ಫುಟ್‌ಬಾಲ್ ಮೈದಾನದಲ್ಲಿ ಕುರ್ಚಿ ಹಾಕಿ ಮಾಡಿದ ಸಮಾರಂಭ. ನೀಲಿ ನಿಲುವಂಗಿ ತೊಟ್ಟ ಮೊಮ್ಮಗನ ಪಕ್ಕದಲ್ಲಿ ದೊಡ್ಡಮ್ಮ ಇಳಕಲ್ ಸೀರೆಯುಟ್ಟು ನಿಂತ ಚಿತ್ರ ನಮ್ಮೆಲ್ಲರ ಮೊಬೈಲಿನಲ್ಲಿದೆ. ಆಗಸ್ಟಿನಲ್ಲಿ ತಂಗಿ ಮನೆಯನ್ನು ಮಾರಾಟಕ್ಕಿಟ್ಟಳು. ಓದುವವರಿಲ್ಲದ ಮೇಲೆ ಈ ತೆರಿಗೆ ಯಾಕೆ, ಸಣ್ಣ ಮನೆ ಸಾಕು ಎಂಬ ಲೆಕ್ಕ. ಮೊದಲ ಭಾನುವಾರವೇ ನೋಡಲು ಬಂದವರು ಹುಬ್ಬಳ್ಳಿಯ ಕಡೆಯ ಒಂದು ಜೋಡಿ. ಹೆಂಗಸಿನ ಕಂಕುಳಲ್ಲಿ ಇನ್ನೂ ನಡೆಯಲು ಬಾರದ ಮಗು. ಅಡುಗೆಮನೆಯನ್ನು ಆಮೇಲೆ ನೋಡುತ್ತೇವೆ ಎಂದು ಆಕೆ ಹಜಾರದಲ್ಲೇ ನಿಂತು ಕೇಳಿದಳಂತೆ: "ಅಕ್ಕ, ಈ ರಸ್ತೆ ಯಾವ ಹೈಸ್ಕೂಲಿನ ಗೆರೆಯೊಳಗೆ ಬರುತ್ತದೆ?"